ಒಡೆದ ಬಟ್ಟಲಿನ ಚೂರು ನೋಡಿದೆ

ಬಂಗಾರಪೇಟೆ

ಪ್ರೀತಿಯ ಅಣ್ಣ,

ನಿಮ್ಮ ಕಾಗದ ತಲುಪಿತು. ಹಳೇ ಟವೆಲಿನಲ್ಲಿ ಸುತ್ತಿ ಕಳಿಸಿದ ಬಟ್ಟಲಿನ ಚೂರುಗಳೂ ತಲುಪಿದವು. ಚೂರು ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಾಲ್ಕು ಪುಟ ಬರೆದಿದ್ದರೂ ನನಗೆ ಇಷ್ಟು ತಿಳಿಯುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಒಂದಕ್ಕೊಂದು ಜೋಡಿಸಿ, ಬೆರಳಾಡಿಸಿ ನೋಡಿದೆ. ಬಾಯಿಯ ಅಂಚಿನಲ್ಲಿ ಉಳಿ ಇದ್ದಕ್ಕಿದ್ದಂತೆ ಕಚ್ಚಿ ಎಳೆದ ಗಾಯವಿದೆ. ಲೇತಿನ ಚಕ್ ಹಿಡಿದಿದ್ದ ತಳದ ಗುಂಡು ಬುಡಸಮೇತ ಕಿತ್ತು ಬಂದಿದೆ. ಒಳಮೈಯಲ್ಲಿ ಎದುರುಬದುರಾಗಿ ಎರಡು ಕಡೆ ನಾರು ಕಿತ್ತು ಒರಟಾಗಿದೆ, ಮಿಕ್ಕ ಕಡೆ ನುಣುಪಾಗಿಯೇ ಇದೆ. ಮೂರಕ್ಕೂ ಬೇರು ಒಂದೇ: ಮರವನ್ನು ಉಕ್ಕಿನ ಹಾಗೆ ಕಡೆದದ್ದು. ಅದನ್ನು ಹೇಳುವುದಕ್ಕೇ ಈ ಪತ್ರ.

ಅದಕ್ಕೂ ಮೊದಲು, ನೀವು ಕೊನೆಯ ಸಾಲಿನಲ್ಲಿ ಬರೆದ ಮಾತಿಗೆ ಉತ್ತರ ಕೊಡಬೇಕು. "ವಯಸ್ಸಾಯಿತು, ಕೈಗೆ ಹಿಡಿತ ತಪ್ಪಿತು ಅನ್ನಿಸುತ್ತೆ" ಎಂದಿದ್ದೀರಿ. ಇಲ್ಲ ಅಣ್ಣ. ಆ ಬಟ್ಟಲಿನ ಗೋಡೆಯನ್ನು ಅಳೆದು ನೋಡಿದೆ. ನುಣುಪಾಗಿ ಬಂದಿರುವ ಕಡೆಯೆಲ್ಲ ದಪ್ಪ ಒಂದೇ ಸಮ ಇದೆ. ಹೊಸಬರ ಕೈಯಲ್ಲಿ ಅದು ಬರುವುದಿಲ್ಲ. ಕೋಲಾರದ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಪಂಪಿನ ಶಾಫ್ಟು, ಬುಷ್ಷು, ರಾಕ್ ಡ್ರಿಲ್ಲಿನ ಬಿಡಿಭಾಗ ಕಡೆದು ಕಡೆದು ಪಳಗಿದ ಕೈ ಅದು. ಒಂದು ಥೌ, ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲು, ಹೆಚ್ಚಾದರೂ ಜಾಬ್ ವಾಪಸ್ ಬರುತ್ತಿದ್ದ ಜಾಗದಲ್ಲಿ ದುಡಿದವರು ನೀವು. 3 ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ಸ್ ಗಣಿಗೆ ಆಳು ಇಳಿಯುತ್ತಿದ್ದದ್ದು, ಅಲ್ಲಿಂದ ಅದಿರು ಮೇಲೆ ಬರುತ್ತಿದ್ದದ್ದು ನಿಮ್ಮಂಥವರು ಕಡೆದುಕೊಟ್ಟ ಕಬ್ಬಿಣವನ್ನು ನಂಬಿಕೊಂಡೇ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಜನ ಚಿನ್ನದ ಲೆಕ್ಕ ಹಾಕಿದರು. ಆ ದಿನ ಕೆಲಸ ಕಳೆದುಕೊಂಡ ಟರ್ನರು, ಫಿಟ್ಟರು, ಮೌಲ್ಡರುಗಳ ಕೈಯಲ್ಲಿದ್ದ ವಿದ್ಯೆಯ ಲೆಕ್ಕ ಯಾರು ಹಾಕಿದರು? ನೀವು ಇಷ್ಟು ವರ್ಷದ ಮೇಲೆ ಸಣ್ಣ ವುಡ್ ಲೇತ್ ಕೊಂಡುಕೊಂಡಿರಿ ಎಂದು ಕೇಳಿದಾಗ ನನಗಾದ ಸಂತೋಷಕ್ಕೆ ಕಾರಣ ಅದೇ. ಬಟ್ಟಲು ಒಡೆಯಿತೆಂದು ಆ ಕೈ ಮತ್ತೆ ಸುಮ್ಮನಾಗಬಾರದು.

ಈಗ ವಿಷಯಕ್ಕೆ ಬರುತ್ತೇನೆ. ನೀವು ಕಡೆಯುತ್ತಿದ್ದ ಉಕ್ಕಿನ ತುಂಡಿಗೆ, ಉಳಿಯ ಮಟ್ಟಿಗೆ ಹೇಳುವುದಾದರೆ, ದಿಕ್ಕಿಲ್ಲ. ಎಡದಿಂದ ಬಂದರೂ ಬಲದಿಂದ ಬಂದರೂ ಅದು ಒಂದೇ ಥರ ಕೊಯ್ಯಿಸಿಕೊಳ್ಳುತ್ತದೆ. ಮರ ಹಾಗಲ್ಲ. ಅದು ಬುಡದಿಂದ ತುದಿಗೆ ನೀರು ಸಾಗಿಸಿದ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಆ ಎಳೆಗಳನ್ನು ಅಡ್ಡ ಕತ್ತರಿಸುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ. ಸೌದೆ ಒಡೆದ ಯಾರಿಗೂ ಇದು ಗೊತ್ತು. ಲೇತಿನ ಮುಂದೆ ನಿಂತಾಗ ಮಾತ್ರ ಮರೆತುಹೋಗುತ್ತದೆ, ಯಾಕೆಂದರೆ ತಿರುಗುವಾಗ ಎಳೆ ಕಣ್ಣಿಗೆ ಕಾಣುವುದಿಲ್ಲ.

ಬಟ್ಟಲಿಗೆ ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳನ್ನು ದುಂಡಗೆ ಕತ್ತರಿಸಿ, ಅದರ ಚಪ್ಪಟೆ ಮುಖವನ್ನು ಲೇತಿಗೆ ಕೊಡುತ್ತೇವೆ. ಅಂದರೆ ಲೇತಿನ ಅಕ್ಷಕ್ಕೆ ಎಳೆಗಳು ಅಡ್ಡಡ್ಡಲಾಗಿ ಮಲಗಿರುತ್ತವೆ. ಮರ ಒಂದು ಸುತ್ತು ಬರುವಷ್ಟರಲ್ಲಿ ಉಳಿಯ ಮುಂದೆ ಎಳೆಯ ಪಕ್ಕೆ ಬರುತ್ತದೆ, ಆಮೇಲೆ ಎಳೆಯ ತುದಿ, ಮತ್ತೆ ಪಕ್ಕೆ, ಮತ್ತೆ ತುದಿ. ನಿಮಿಷಕ್ಕೆ 1000 ಸುತ್ತು ಎಂದಿಟ್ಟುಕೊಳ್ಳಿ. ಎಳೆಯ ತುದಿ ಉಳಿಗೆ ಎದುರಾಗುವುದು ಸೆಕೆಂಡಿಗೆ 33 ಸಲ. ನಿಮ್ಮ ಬಟ್ಟಲಿನೊಳಗೆ ಎದುರುಬದುರಾಗಿ ಕಿತ್ತುಬಂದಿರುವ ಆ ಎರಡು ತಾಣಗಳು ಅವೇ. ಬೇಕಾದರೆ ಇನ್ನೊಂದು ಬಟ್ಟಲು ತೆಗೆದು ನೋಡಿ, ಅದರಲ್ಲೂ ಆ ಎರಡು ಜಾಗದಲ್ಲೇ ಇರುತ್ತದೆ. ಅದು ನಿಮ್ಮ ಕೈ ನಡುಗಿದ ಗುರುತಾಗಿದ್ದರೆ ಸುತ್ತಲೂ ಇರುತ್ತಿತ್ತು.

ಚನ್ನಪಟ್ಟಣದಲ್ಲಿ ನೋಡಿ ಕಲಿತ ಹಾಗೆಯೇ ಮಾಡಿದೆ ಎಂದು ಬರೆದಿದ್ದೀರಿ. ತೊಡಕು ಇಲ್ಲಿಯೂ ಇದೆ. ಚನ್ನಪಟ್ಟಣದ ಗೊಂಬೆ ಕಡೆಯುವವರನ್ನು ನಾನು ಕೈಮುಗಿದು ನೋಡುತ್ತೇನೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕಸಬುದಾರರನ್ನು ಕರೆಸಿ ಈ ಕೆಲಸ ಹಚ್ಚಿದನೆಂದು ಅಲ್ಲಿಯವರು ಹೇಳಿಕೊಂಡು ಬಂದಿದ್ದಾರೆ. ಅವನ ಅಪ್ಪ ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮದೇ ಬಂಗಾರಪೇಟೆ ತಾಲ್ಲೂಕಿನದು, ಹಾಗಾಗಿ ಆ ಕಥೆ ಕೇಳುವಾಗ ನನಗೆ ನಮ್ಮೂರ ಕಡೆಯದೇ ಅನ್ನಿಸುತ್ತದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಪದ್ಧತಿ ನೋಡಿಕೊಂಡು ಆ ಕಸುಬಿಗೆ ಹೊಸ ದಾರಿ ತೋರಿಸಿದರು. ತಿರುಗುತ್ತಿರುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುವುದು, ಆಮೇಲೆ ತಾಳೆಗರಿಯ ಚೂರಿನಿಂದ ಒತ್ತಿ ಹೊಳಪು ತರುವುದು, ಇದನ್ನೆಲ್ಲ ಗಂಟೆಗಟ್ಟಲೆ ನಿಂತು ನೋಡಿದ್ದೇನೆ.

ಆದರೆ ಅವರು ಗೊಂಬೆ, ಬುಗುರಿ, ಕುಂಕುಮದ ಭರಣಿ ಮಾಡುವಾಗ ಹಾಲೆಯ ಸಣ್ಣ ಕೊಂಬೆಯನ್ನು ಉದ್ದಕ್ಕೇ ಲೇತಿಗೆ ಹಿಡಿಸುತ್ತಾರೆ. ಎಳೆಗಳು ಅಕ್ಷದ ಜೊತೆಯಲ್ಲೇ ಓಡುತ್ತವೆ. ಹೊರಮೈ ಕಡೆಯುವಾಗ ಉಳಿಗೆ ಸುತ್ತಲೂ ಸಿಗುವುದು ಎಳೆಯ ಪಕ್ಕೆಯೇ. ಭರಣಿಯ ಒಳಗನ್ನು ತೋಡುವಾಗಲೂ ಉಳಿ ನಡುವಿನಿಂದ ಹೊರಕ್ಕೆ ಸಾಗಬೇಕು. ನಿಮ್ಮ ಬಟ್ಟಲಿನ ಒಳಗೆ ಇದು ಪೂರ್ತಿ ತಿರುವುಮುರುವು. ಅಲ್ಲಿ ಸರಿಯಾದ ಕೈಚಲನೆ ಇಲ್ಲಿ ಮರವನ್ನು ಕಿತ್ತುಹಾಕುತ್ತದೆ. ನೀವು ಚೆನ್ನಾಗಿಯೇ ಗಮನಿಸಿ ಕಲಿತಿದ್ದೀರಿ, ಆದರೆ ಕಲಿತದ್ದು ಬೇರೆ ದಿಕ್ಕಿನ ಮರದ ಪಾಠ.

ಬಟ್ಟಲಿನ ಪಾಠ ಇಷ್ಟು. ಹೊರಮೈ ಕಡೆಯುವಾಗ ತಳದಿಂದ ಬಾಯಿಯ ಕಡೆಗೆ ಬನ್ನಿ. ಒಳಗೆ ಬಾಯಿಯಿಂದ ತಳದ ನಡುವಿಗೆ ಹೋಗಿ. ಹೀಗೆ ಹೋದಾಗ ಉಳಿ ಕತ್ತರಿಸುವ ಪ್ರತಿಯೊಂದು ಎಳೆಗೂ ಅದರ ಕೆಳಗೆ ಇನ್ನೂ ಉದ್ದನೆಯ ಎಳೆಯ ಆಸರೆ ಇರುತ್ತದೆ. ಎದುರು ದಿಕ್ಕಿನಲ್ಲಿ ಹೋದರೆ ಆಸರೆಯಿಲ್ಲದ ಎಳೆ ತುಂಡಾಗುವ ಬದಲು ಬುಡದಿಂದ ಕಿತ್ತುಕೊಂಡು ಏಳುತ್ತದೆ. ಆಮೇಲೆ ಎಷ್ಟು ಉಪ್ಪುಕಾಗದ ಉಜ್ಜಿದರೂ ಆ ಗುಳಿ ಹೋಗುವುದಿಲ್ಲ. ಸುತ್ತಲಿನ ಮೆತ್ತನೆಯ ಭಾಗ ಸವೆದು ಬಟ್ಟಲು ಅಂಕುಡೊಂಕಾಗುತ್ತದೆ ಅಷ್ಟೆ. ಉಪ್ಪುಕಾಗದ ಕೆಳಗಿಟ್ಟು ಉಳಿಯನ್ನು ಮತ್ತೆ ಸಾಣೆ ಹಿಡಿದು, ಆ ಜಾಗಕ್ಕೆ ಒಂದಿಷ್ಟು ನೀರು ಸವರಿ, ಕೂದಲೆಳೆಯಷ್ಟು ತೆಳ್ಳಗೆ ಕೊನೆಯ ಕೊಯ್ತ ಕೊಡಿ.

ಬಾಯಿಯ ಅಂಚಿನ ಗಾಯಕ್ಕೆ ಬರೋಣ. ಇದು ನಿಮ್ಮನ್ನು ಹೆಚ್ಚು ಹೆದರಿಸಿದ್ದು ಎಂದು ಕಾಣುತ್ತದೆ, ಅದರ ಬಗ್ಗೆಯೇ ಒಂದು ಪುಟ ಬರೆದಿದ್ದೀರಿ. ಕಬ್ಬಿಣದ ಲೇತಿನಲ್ಲಿ ಉಳಿಯನ್ನು ಟೂಲ್‌ಪೋಸ್ಟ್ ಬಿಗಿಯಾಗಿ ಹಿಡಿದಿರುತ್ತದೆ, ನೀವು ಹ್ಯಾಂಡಲ್ ತಿರುಗಿಸುತ್ತೀರಿ. ಇಲ್ಲಿ ನಿಮ್ಮ ಮೈಯೇ ಟೂಲ್‌ಪೋಸ್ಟ್. ಗೌಜಿಗೆ, ಅಂದರೆ ಕೊರೆಯಿರುವ ಈ ಉಳಿಗೆ, ಆಧಾರ ಎರಡು: ಒಂದು ಟೂಲ್‌ರೆಸ್ಟ್, ಇನ್ನೊಂದು ಈಗಷ್ಟೇ ಕೊಯ್ದ ಮರದ ಮೈ. ಅಲಗಿನ ಹಿಂದಿನ ಇಳಿಜಾರು, ಅಂದರೆ ಬೆವೆಲ್, ಆ ಮೈಮೇಲೆ ಒರಗಿಕೊಂಡೇ ಮುಂದೆ ಸಾಗಬೇಕು. ಒಳಗೆ ತೋಡಲು ಶುರು ಮಾಡುವ ಮೊದಲ ಕ್ಷಣದಲ್ಲಿ ಬೆವೆಲ್‌ಗೆ ಒರಗಲು ಇನ್ನೂ ಮೈಯೇ ಹುಟ್ಟಿರುವುದಿಲ್ಲ. ಉಳಿ ಜಾರಿ ಅಂಚಿನ ಕಡೆಗೆ ಓಡುತ್ತದೆ. ಹಾಗಾಗದಿರಲು ಮೊದಲು ಚೂಪು ಉಳಿಯಿಂದ ಅಲ್ಲೊಂದು ಸಣ್ಣ ಗೀರು ತೆಗೆದುಕೊಳ್ಳಿ. ಗೌಜಿನ ಕೊರೆ ಮೇಲ್ಮುಖವಾಗಿರುವುದು ಬೇಡ, ಪೂರ್ತಿ ಮಗ್ಗುಲಾಗಿ ಗಡಿಯಾರದ 3 ಗಂಟೆಯ ಕಡೆ ನೋಡುತ್ತಿರಲಿ. ಅಲಗು ಗೀರಿನೊಳಗೆ ಕೂತು, ಬೆವೆಲ್ ಒರಗಿಕೊಂಡಿತು ಎಂದು ಕೈಗೆ ತಿಳಿದ ಮೇಲೆ ಮೆಲ್ಲಗೆ ಕೊರೆಯನ್ನು ಮೇಲಕ್ಕೆ ಹೊರಳಿಸಿ. ಎಡಗೈ ಟೂಲ್‌ರೆಸ್ಟ್ ಬಿಟ್ಟು ಏಳಬಾರದು. ಹಿಡಿಯ ತುದಿ ಸೊಂಟಕ್ಕೆ ತಾಗಿರಲಿ, ತೋಳು ಆಡಿಸಬೇಡಿ, ಮೈಯನ್ನೇ ತೂಗಿ.

ತಳದ ಗುಂಡು ಮುರಿದದ್ದಕ್ಕೂ ಎಳೆಯೇ ಕಾರಣ. ಚಕ್ ಕಚ್ಚಲೆಂದು ನೀವು ಬಿಟ್ಟಿದ್ದ ಆ ಗುಂಡಿನಲ್ಲಿ ಎಳೆಗಳು ಅಡ್ಡ ಮಲಗಿವೆ. ಅದು ಬಟ್ಟಲಿಗೆ ಅಂಟಿಕೊಂಡಿರುವುದು ಎಳೆ ಎಳೆಯ ನಡುವಿನ ಅಂಟಿನ ಬಲದಿಂದ ಮಾತ್ರ, ಮತ್ತು ಮರ ಸೀಳುವುದು ಸರಿಯಾಗಿ ಅದೇ ದಿಕ್ಕಿನಲ್ಲಿ. ನೀವು ಉಕ್ಕನ್ನು ಹಿಡಿದ ಹಾಗೆ ಕೀಲಿ ಹಾಕಿ ಬಲವಾಗಿ ತಿರುಗಿಸಿದ್ದೀರಿ. ದವಡೆಯ ಗುರುತು ಆಳಕ್ಕೆ ಇಳಿದು ಎಳೆ ಜಜ್ಜಿಹೋಗಿದೆ. ಗುಂಡು ಕೂಡ ಕಿರಿದಾಯಿತು. 8 ಅಂಗುಲದ ಬಟ್ಟಲಿಗೆ ಸುಮಾರು 3 ಅಂಗುಲ ಅಗಲವಾದರೂ ಬೇಕು. ಎತ್ತರ ಕಾಲು ಅಂಗುಲದಷ್ಟಿದ್ದರೆ ಸಾಕು. ಗುಂಡಿನ ತುದಿ ಚಕ್ಕಿನ ಒಳತಳಕ್ಕೆ ತಾಗಲೇಬಾರದು, ದವಡೆಗಳ ತಲೆಯ ಮೇಲೆ ಬಟ್ಟಲಿನ ಹೆಗಲು ಕೂರಬೇಕು. ಬಲ ಹೊರುವುದು ಆ ಹೆಗಲು. ಸಾಧ್ಯವಿರುವಷ್ಟು ಹೊತ್ತೂ ಟೇಲ್‌ಸ್ಟಾಕ್ ಒತ್ತಿಕೊಂಡೇ ಇರಲಿ.

ವೇಗದ ಮಾತು ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ, ನಿಮಗದು ಬಾಯಿಪಾಠ: ಪೈ ಇಂಟು ಡಿ ಇಂಟು ಎನ್, ಭಾಗಿಸು 1000. ಮೆದು ಉಕ್ಕಿಗೆ ಹೈಸ್ಪೀಡ್ ಉಳಿಯಲ್ಲಿ ನಿಮಿಷಕ್ಕೆ 30 ಮೀಟರು ಎಂದು ಐಟಿಐ ಹುಡುಗರಿಗೆ ಕಲಿಸುತ್ತಾರೆ. 200 ಮಿಲಿಮೀಟರ್ ಅಗಲದ ಬಟ್ಟಲು 1000 ಸುತ್ತಿನಲ್ಲಿ ಓಡಿದರೆ ಅಂಚಿನ ವೇಗ 628 ಮೀಟರ್. ಇಪ್ಪತ್ತು ಪಟ್ಟು! ಗಂಟೆಗೆ 38 ಕಿಲೋಮೀಟರಿನ ಹತ್ತಿರ. ನೀವು ಬರೆದಿರುವ 2000 ಸುತ್ತಿಗೆ ಅದು 75 ದಾಟುತ್ತದೆ, ಬಡಿಯುವ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಕಿಲೋ ತೂಗುವ ಹಸಿ ಮರ ಆ ವೇಗದಲ್ಲಿ ಚಕ್ ಬಿಟ್ಟು ಹಾರಿದಾಗ ನಿಮ್ಮ ಕೆನ್ನೆಗೆ ತರಚಿದ್ದರಲ್ಲೇ ಹೋಯಿತಲ್ಲ, ಆ ಪುಣ್ಯಕ್ಕೆ ನಾನು ಮನಸಾರೆ ಕೃತಜ್ಞಳಾಗಿದ್ದೇನೆ. ಅಣ್ಣ, ಇದೊಂದು ವಿಷಯದಲ್ಲಿ ನನ್ನ ಮಾತು ನಡೆಸಿಕೊಡಲೇಬೇಕು. ಅಂಗುಲದಲ್ಲಿ ಅಗಲವನ್ನು ಸುತ್ತಿನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಲಿ ಎಂಬುದು ಮರ ಕಡೆಯುವವರು ಇಟ್ಟುಕೊಂಡಿರುವ ಅಂದಾಜು. 8 ಅಂಗುಲಕ್ಕೆ 750ರಿಂದ 1100. ಅದೂ ದುಂಡಾದ ಮೇಲೆ. ಮೂಲೆ ಮುರಿಯದ ದಿಮ್ಮಿಗೆ ಲೇತಿನ ಅತಿ ಕಡಿಮೆ ವೇಗದಿಂದಲೇ ಶುರು. ಸ್ವಿಚ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಾಗುತ್ತಿಲ್ಲ ಎಂದು ನೋಡಿ. ಸ್ವಿಚ್ ಹಾಕುವಾಗ ಮರದ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಮುಖ ಪೂರ್ತಿ ಮುಚ್ಚುವ ಶೀಲ್ಡ್ ಬೇಕೇ ಬೇಕು, ಬರೀ ಕನ್ನಡಕ ಸಾಲದು. ಕೈಗವಸು ಬೇಡ, ಲುಂಗಿ ಬೇಡ, ಹೆಗಲ ಮೇಲಿನ ಟವೆಲೂ ಬೇಡ. ನಾನು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಮೇಲೊಂದು ಏಪ್ರನ್ ಕಟ್ಟಿಕೊಳ್ಳುತ್ತೇನೆ.

ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ. ಗಣಿಯ ಕಲ್ಲುಧೂಳು ನಮ್ಮ ಊರಿನ ಎಷ್ಟು ಮನೆಗಳಲ್ಲಿ ಎದೆ ತಿಂದಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಮರದ ಧೂಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಇನ್ನು ಮರ. ನೀವು ಹಾಕಿದ್ದು ನೀಲಗಿರಿ, ಚೂರು ಮೂಸಿದರೇ ಗೊತ್ತಾಯಿತು. ನಮ್ಮ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವ ಮರ ಅದೇ ನಿಜ. ಹೊಲಗದ್ದೆಯಲ್ಲೆಲ್ಲ ಬೆಳೆದು, ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಬೇಕಾಯಿತು. ಆದರೆ ಬಟ್ಟಲಿಗೆ, ಅದರಲ್ಲೂ ಕಲಿಯುವವರಿಗೆ, ಅದು ಒಗ್ಗದ ಮರ. ಬೆಳೆಯುವಾಗಲೇ ಕಾಂಡದೊಳಗೆ ಬಿಗಿತ ತುಂಬಿಕೊಂಡಿರುತ್ತದೆ. ಕೊಡಲಿ ಬಿದ್ದ ತಕ್ಷಣ ಆ ಬಿಗಿತ ಬಿಚ್ಚಿಕೊಂಡು ದಿಮ್ಮಿಯ ತುದಿ ನಕ್ಷತ್ರದಂತೆ ಬಿರಿಯುತ್ತದೆ. ಗಣಿಯಲ್ಲಿ ಹಿಂದಿನವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದದ್ದು ನಿಮಗೆ ನೆನಪಿರಬೇಕು: ಯುಗಯುಗದಿಂದ ಅದುಮಿಟ್ಟ ಬಂಡೆ, ಪಕ್ಕದ ಕಲ್ಲು ತೆಗೆದೊಡನೆ ಸಿಡಿಯುತ್ತಿತ್ತಲ್ಲ, ನೀಲಗಿರಿಯ ಸ್ವಭಾವವೂ ಅದೇ. ನಿಮ್ಮ ಬಟ್ಟಲಿನ ತಳದಲ್ಲಿ ಕಾಂಡದ ನಡುವಿನ ತಿರುಳೂ ಉಳಿದುಕೊಂಡಿದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಯಾವ ಮರವಾದರೂ ಸರಿ, ದಿಮ್ಮಿ ಸೀಳುವಾಗ ತಿರುಳಿನ ಎರಡೂ ಪಕ್ಕದಲ್ಲಿ ಒಂದೊಂದು ಬೆರಳಿನಷ್ಟು ತೆಗೆದುಬಿಡಿ.

ಮಾವಿನಿಂದ ಶುರು ಮಾಡಿ. ಶ್ರೀನಿವಾಸಪುರದ ಕಡೆ ಮುದಿ ತೋಟಗಳನ್ನು ಕಡಿದಾಗ ಒಳ್ಳೆಯ ದಿಮ್ಮಿಗಳು ಸೌದೆ ಬೆಲೆಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಾವು ಉಳಿಗೆ ಮಣಿಯುತ್ತದೆ, ಎಳೆ ಎತ್ತ ಹರಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಬೇಗ ಹುಳು ಹಿಡಿಯುತ್ತದೆ, ಬೇಗ ಕೊಳೆಯುತ್ತದೆ, ಕಡಿದ ತಕ್ಷಣ ಕೆಲಸ ಹಿಡಿಯಬೇಕು. ಹಲಸಿನ ಹಳದಿ ನೋಡಿದರೆ ಆಸೆಯಾಗುತ್ತದೆ, ಅದೂ ಒಳ್ಳೆಯದೇ. ಹುಣಸೆಯ ಚೇಗು ಕಪ್ಪಗೆ ಚಂದ, ಆದರೆ ಕಲ್ಲಿನಷ್ಟು ಗಟ್ಟಿ, ಉಳಿಯ ಅಲಗು ತಿಂದುಹಾಕುತ್ತದೆ, ಅದನ್ನು ಮುಂದಕ್ಕಿಟ್ಟುಕೊಳ್ಳಿ. ರಸ್ತೆ ಬದಿಯ ಮರವಾದರೆ ಒಳಗೆ ಬೋರ್ಡು ಹೊಡೆದ ಮೊಳೆ ಸೇರಿಕೊಂಡಿರುತ್ತದೆ. ಗರಗಸಕ್ಕೆ ಕೊಡುವ ಮೊದಲು ಅಯಸ್ಕಾಂತ ಹಿಡಿದು ನೋಡಿ, ತೊಗಟೆ ಸುಲಿದ ಮೇಲೆ ಕಪ್ಪು ಕಲೆ ಇದೆಯೇ ಅಂತಲೂ ನೋಡಿ.

ಹಸಿ ಮರವನ್ನು ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಮರ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುವುದು ಬಹಳ. ಅಡ್ಡದಲ್ಲಿಯೂ ವರ್ಷದ ಉಂಗುರದ ಸುತ್ತ ಆಗುವ ಕುಗ್ಗುವಿಕೆ ನಡುವಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ಹಾಗಾಗಿ ಇಂದು ನೀವು ದುಂಡಗೆ ಕಡೆದದ್ದು ತಿಂಗಳು ಕಳೆದರೆ ಮೊಟ್ಟೆಯಾಕಾರಕ್ಕೆ ಬರುತ್ತದೆ. ಥೌ ಲೆಕ್ಕದಲ್ಲಿ ಬದುಕಿದವರಿಗೆ ಇದು ಸಂಕಟದ ಮಾತು ಎಂದು ಗೊತ್ತು. ದಾರಿ ಇದೆ. ಮೊದಲ ಸಲ ಗೋಡೆಯನ್ನು ಅಗಲದ ಹತ್ತನೇ ಒಂದು ಪಾಲು ದಪ್ಪ ಬಿಟ್ಟು ಕಡೆಯಿರಿ. ಎಳೆಯ ತುದಿ ಕಾಣುವ ಕಡೆ ಮೇಣ ಬಳಿಯಿರಿ. ಕಡೆದಾಗ ಉದುರಿದ ಸುರುಳಿಗಳ ಜೊತೆಯೇ ಕಾಗದದ ಚೀಲದಲ್ಲಿ ಹಾಕಿ ಮಂಚದ ಕೆಳಗಿಡಿ. ನಮ್ಮ ಕೋಲಾರದ ಒಣಗಾಳಿ ಬಲು ಬೇಗ ನೀರು ಎಳೆಯುತ್ತದೆ, ಶೀಟಿನ ಮಾಡಿನ ಕೆಳಗಂತೂ ಇಡಲೇಬೇಡಿ. ತಳದಲ್ಲಿ ಪೆನ್ಸಿಲಿನಿಂದ ತಾರೀಖು, ತೂಕ ಬರೆದು ಆಗಾಗ ತೂಗಿ ನೋಡುತ್ತಿರಿ. ತೂಕ ಇಳಿಯುವುದು ನಿಂತಿತು ಎಂದರೆ ಮರ ಮನೆಯ ಗಾಳಿಗೆ ಹೊಂದಿಕೊಂಡಿದೆ. ಆಗ ಮತ್ತೆ ಲೇತಿಗೆ ಹಾಕಿ ದುಂಡಗೆ ಮಾಡಿ. ಆ ಸಲ ನಿಮ್ಮ ಕ್ಯಾಲಿಪರ್ ಹೊರಗೆ ತೆಗೆಯಿರಿ. ತಳ ತೂತಾಗುವುದು ಈ ಹಂತದಲ್ಲೇ, ಆಳವನ್ನು ಪ್ರತಿ ಕೊಯ್ತಕ್ಕೂ ಅಳೆಯಿರಿ.

ಮೊಮ್ಮಗಳಿಗೆ ಅದರಲ್ಲಿ ಅವಲಕ್ಕಿ ಹಾಕಿಕೊಡಬೇಕು ಎಂದಿದ್ದೀರಿ. ಹಾಗಾದರೆ ವಾರ್ನಿಶ್ ಬೇಡ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕಮಟು ಬರುತ್ತದೆ. ಏನೂ ಬೆರೆಸದ ಅಗಸೆ ಎಣ್ಣೆ ತೆಳ್ಳಗೆ ಸವರಿ, ಒರೆಸಿ, ವಾರಗಟ್ಟಲೆ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿಡಿ, ಇಲ್ಲವೇ ತಂತಿಯ ಮೇಲೆ ಹರಡಿ.

ಶ್ರೀನಿವಾಸಪುರದ ಕಡೆಯ ಪರಿಚಯದವರೊಬ್ಬರು ಬರುವ ವಾರ ಮಾವಿನ ದಿಮ್ಮಿ ತಂದು ಹಾಕುತ್ತಾರೆ. ಒಂದು ಭಾನುವಾರ ಕೋರಮಂಡಲ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂದುಬಿಡಿ. ಇಬ್ಬರೂ ಸೇರಿ ಸೀಳೋಣ, ನಿಮ್ಮ ಪಾಲಿನ ಹೋಳಿಗೆ ಇಲ್ಲೇ ಮೇಣ ಬಳಿದು ಕೊಡುತ್ತೇನೆ. ಸಂಜೆ ಸ್ಟೇಷನ್ ರಸ್ತೆಯಲ್ಲಿ ತಿಳಿನೀರಿನ ಪಾನಿಪುರಿ ತಿಂದು ವಾಪಸ್ ಹೋಗಬಹುದು. ನಿಮ್ಮ ಗೌಜ್ ಜೊತೆಗಿರಲಿ. ಅದಕ್ಕೆ ಬಟ್ಟಲಿನ ಬೆವೆಲ್ ಯಾವ ಕೋನದಲ್ಲಿ ಬೇಕೆಂದು ನಾನು ಹೇಳುತ್ತೇನೆ, ಗ್ರೈಂಡರ್ ಮೇಲೆ ನೀವೇ ಹಿಡಿಯಿರಿ. ಸಾಣೆ ನನಗಿಂತ ನಿಮಗೆ ಚೆನ್ನಾಗಿ ಬರುತ್ತದೆ, ನಿಂತು ನೋಡಿ ಕಲಿಯುವ ಆಸೆ ನನಗೂ ಇದೆ. ಇನ್ನೊಂದು ಕೆಲಸವೂ ಇದೆ: ನನ್ನ ಲೇತಿನ ಹೆಡ್‌ಸ್ಟಾಕ್ ಕೆಲವು ದಿನದಿಂದ ಎಲ್ಲೋ ಒಂಚೂರು ಅದುರುತ್ತಿದೆ. ಬೇರಿಂಗೋ, ಸ್ಪಿಂಡಲ್ಲೋ ನನಗೆ ತಿಳಿಯುತ್ತಿಲ್ಲ. ಡಯಲ್ ಗೇಜ್ ತನ್ನಿ, ಎಷ್ಟು ಥೌ ಆಡುತ್ತಿದೆ ಎಂದು ನೀವೇ ನೋಡಿ ಹೇಳಬೇಕು.

ಅತ್ತಿಗೆಗೆ ನಮಸ್ಕಾರ ತಿಳಿಸಿ.

ನಿಮ್ಮ ತಂಗಿ